ಫ್ಯಾನ್ ರಿಪೇರಿಗೆ ಬಂದವರು ಬಿದ್ದರೆ ಹೊಣೆ ಯಾರದ್ದು?

ಬಿಸಿಲು ಏರುತ್ತಿದ್ದ ಹಾಗೆ ಬೆಂಗಳೂರಿಂದ ಕಲಬುರಗಿವರೆಗೆ ಎಲ್ಲ ಮನೆಗಳಲ್ಲೂ ಒಂದೇ ಮಾತು: ‘ಫ್ಯಾನ್ ನೋಡೋಕೆ ಯಾರಾದ್ರೂ ಸಿಗ್ತಾರಾ?’ ಇರೋದು ಎರಡೇ ದಾರಿ. ಒಂದೋ ಫೋನಿನಲ್ಲಿ ಆ್ಯಪ್ ತೆಗೆದು ಬುಕ್ ಮಾಡ್ತೀವಿ. ಇಲ್ಲವೇ ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಂಬರ್ ಇಸ್ಕೊಂಡು, ‘ಅಣ್ಣಾ, ಸಂಜೆ ಒಂದ್ಸಲ ಬಂದು ಹೋಗಿ’ ಅಂತೀವಿ. ಎರಡೂ ದಾರಿಯಲ್ಲಿ ಬರುವವರು ಮಾಡುವ ಕೆಲಸ ಒಂದೇ. ಆದರೆ ಕಾನೂನಿನ ಕಣ್ಣಿಗೆ ಒಬ್ಬರು ಈಗೀಗ ಕಾಣಿಸತೊಡಗಿದ್ದಾರೆ, ಇನ್ನೊಬ್ಬರು ಇನ್ನೂ ಕಾಣಿಸ್ತಿಲ್ಲ.

ಇದು ಅಪಾಯದ ಕೆಲಸ, ಆದರೆ ಯಾರೂ ಹಾಗೆ ನೋಡೋದಿಲ್ಲ. ತಲೆಯ ಮೇಲೆ ನಾಲ್ಕೈದು ಕೆ.ಜಿ. ಭಾರದ ಮೋಟಾರು, ಎರಡೂ ಕೈ ಮೇಲೆ, ಕಾಲ ಕೆಳಗೆ ಬಹಳಷ್ಟು ಮನೆಗಳಲ್ಲಿ ಊಟದ ಮೇಜು ಅಥವಾ ಪ್ಲಾಸ್ಟಿಕ್ ಕುರ್ಚಿ. ಜೊತೆಗೆ ಕರೆಂಟು. ‘ಸ್ವಿಚ್ ಆಫ್ ಮಾಡಿದ್ದೀನಿ’ ಅಂದರೆ ಸಾಕಾಗಲ್ಲ. ಹಳೇ ವೈರಿಂಗ್‌ನಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಸ್ವಿಚ್ ಆಫ್ ಆಗಿ ಫ್ಯಾನ್ ನಿಂತರೂ ಮೇಲಿನ ತಂತಿಯಲ್ಲಿ 230 ವೋಲ್ಟ್ ಹಾಗೇ ಇರುತ್ತೆ. ಕೈಗೆ ಶಾಕ್ ಸಣ್ಣದೇ ಹೊಡೆದಿರಬಹುದು, ಆದರೆ ಎಂಟು ಅಡಿ ಮೇಲಿಂದ ಬೀಳೋದು ಸಣ್ಣದಲ್ಲ.

ಕಾನೂನು ಕೊಟ್ಟ ವಿನಾಯಿತಿ

ನಮ್ಮ ವಿದ್ಯುತ್ ಸುರಕ್ಷತಾ ನಿಯಮಗಳ ಪ್ರಕಾರ ಮನೆಯ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರು, ಅರ್ಹತಾ ಪತ್ರ ಇರುವವರ ಉಸ್ತುವಾರಿಯಲ್ಲಿ ಮಾಡಿಸಬೇಕು. ಆದರೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವ ಕೆಲಸಕ್ಕೆ ಇದರಿಂದ ವಿನಾಯಿತಿ ಇದೆ. 1956ರ ನಿಯಮಗಳಲ್ಲೂ ಇತ್ತು, ಆಮೇಲೆ ಬಂದ ನಿಯಮಗಳಲ್ಲೂ ಮುಂದುವರಿಯಿತು.

ಇದರಲ್ಲಿ ಅರ್ಥ ಇದೆ. ಒಂದು ಫ್ಯಾನ್ ಬದಲಿಸೋಕೆ ಲೈಸೆನ್ಸ್‌ದಾರರನ್ನೇ ಕರೀಬೇಕು ಅಂದ್ರೆ ಜನಸಾಮಾನ್ಯರು ಎಲ್ಲಿಗೆ ಹೋಗ್ಬೇಕು? ಲೈಸೆನ್ಸ್ ಕಡ್ಡಾಯ ಮಾಡಿ ಅಂತ ನಾನು ಹೇಳ್ತಿಲ್ಲ. ಆದರೆ ಲೈಸೆನ್ಸ್‌ದಾರ ಗುತ್ತಿಗೆದಾರ ಇಲ್ಲ ಅಂದಾಗ ಹೊಣೆ ಹೊರಬೇಕಾದ ಮಧ್ಯದ ವ್ಯಕ್ತಿಯೂ ಇಲ್ಲ ಅಂತಾಯ್ತು. ಉಳಿಯೋದು ಮನೆಯವರು, ಏಣಿ ಹತ್ತಿದವರು, ಮತ್ತು ಚೌಕಾಸಿ.

ಆ್ಯಪ್‌ನವರು ಕಂಡದ್ದು ಹೇಗೆ?

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. 2023ರಲ್ಲಿ ರಾಜಸ್ಥಾನ ಇಟ್ಟ ಮೊದಲ ಹೆಜ್ಜೆಯ ನಂತರದ ದೊಡ್ಡ ಹೆಜ್ಜೆ ಇದು. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಶೇ.1ರಿಂದ 5ರಷ್ಟನ್ನು ಪ್ಲಾಟ್‌ಫಾರ್ಮ್‌ಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೊಡಬೇಕು. ಊಟ ತರುವವರು, ಕ್ಯಾಬ್ ಓಡಿಸುವವರು ಮಾತ್ರವಲ್ಲ, ವೃತ್ತಿಪರ ಸೇವೆ ಕೊಡುವ ಪ್ಲಾಟ್‌ಫಾರ್ಮ್‌ಗಳೂ ಇದರ ಪಟ್ಟಿಯಲ್ಲಿವೆ.

ಇದು ಯಾರೋ ದಯೆಯಿಂದ ಕೊಟ್ಟಿದ್ದಲ್ಲ. 2021ರಲ್ಲಿ ಗುರುಗ್ರಾಮದಲ್ಲಿ ಅರ್ಬನ್ ಕಂಪನಿಯ ಬ್ಯೂಟಿಷಿಯನ್ ಹೆಣ್ಣುಮಕ್ಕಳು ಕಮಿಷನ್ ವಿರುದ್ಧ ಕಚೇರಿ ಮುಂದೆ ಕೂತಿದ್ದರು. 2023ರಲ್ಲಿ ರೇಟಿಂಗ್ ನೆಪದಲ್ಲಿ ಐಡಿ ಬ್ಲಾಕ್ ಮಾಡೋದರ ವಿರುದ್ಧ ಹಲವು ನಗರಗಳಲ್ಲಿ ಪ್ರತಿಭಟನೆ ಆಯ್ತು. ಅವರು ಒಟ್ಟಾಗೋಕೆ ಸಾಧ್ಯವಾಗಿದ್ದು, ಎಲ್ಲರಿಗೂ ಕಂಪನಿ ಒಂದೇ ಇದ್ದದ್ದರಿಂದ. ಸರ್ಕಾರ ಶುಲ್ಕ ಹಾಕೋಕೆ ಸಾಧ್ಯವಾಗಿದ್ದೂ ಪ್ರತಿ ವ್ಯವಹಾರಕ್ಕೂ ಕಂಪ್ಯೂಟರಿನಲ್ಲಿ ದಾಖಲೆ ಇರೋದರಿಂದ.

ಬೀದಿ ಕೊನೆಯ ಅಣ್ಣನಿಗೆ ಇವೆರಡೂ ಇಲ್ಲ. ಅವರ ಮಾಲೀಕರು ಯಾರು? ಬೆಳಗ್ಗೆ ನೀವು, ಮಧ್ಯಾಹ್ನ ಪಕ್ಕದ ಮನೆಯವರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆಯಲ್ಲ ಅನ್ನಬಹುದು. ನಿಜ, ಅದರಡಿ ಕಟ್ಟಡದ ಎಲೆಕ್ಟ್ರಿಷಿಯನ್‌ಗಳೂ ಬರ್ತಾರೆ. ಆದರೆ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದು ತೋರಿಸಬೇಕು. ದಿನಕ್ಕೆ ನಾಲ್ಕು ಮನೆಯಲ್ಲಿ ಅರ್ಧರ್ಧ ಗಂಟೆ ಕೆಲಸ ಮಾಡುವವರು ಅದನ್ನು ಯಾರ ಹತ್ತಿರ ಬರೆಸ್ಕೊಂಡು ಬರೋದು? ನೀವು ಬರ್ಕೊಡ್ತೀರಾ?

ಇ-ಶ್ರಮ್ ಕಾರ್ಡ್ ಸಿಗುತ್ತೆ, ಅದು ಗುರುತು ಅಷ್ಟೇ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುತ್ತೆ, ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರ ಇದೆ. ಆದರೆ ಬಿದ್ದು ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿ ಮಲಗಿದರೆ? ಆ ದುಡಿಮೆಯ ನಷ್ಟಕ್ಕೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಕೂಲಿಯವರನ್ನು ಸಾಲಕ್ಕೆ ದೂಡೋದು ಇಂಥ ಮೂರು ತಿಂಗಳುಗಳೇ.

ಕೌಶಲವೂ ಕೈಜಾರುತ್ತಿದೆ

ಮಾರುಕಟ್ಟೆಯೂ ಬದಲಾಗ್ತಿದೆ. ಹಳೇ ಫ್ಯಾನ್ ನಿಧಾನ ಆದರೆ ಕೆಪಾಸಿಟರ್, ಸದ್ದು ಮಾಡಿದರೆ ಬೇರಿಂಗ್, ಸುಟ್ಟರೆ ಕಾಯಿಲ್ ವೈಂಡಿಂಗ್. ಮೂರನ್ನೂ ಬೀದಿಯ ಅಂಗಡಿಯಲ್ಲೇ ಸರಿ ಮಾಡಬಹುದಿತ್ತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ. ಸುಮಾರು 75 ವ್ಯಾಟ್ ಜಾಗದಲ್ಲಿ 30 ವ್ಯಾಟ್ ಆಸುಪಾಸು ಸಾಕೆನ್ನುವ ಬಿಎಲ್‌ಡಿಸಿ ಫ್ಯಾನ್‌ಗಳು ಬಂದಿವೆ. ಕರೆಂಟ್ ಉಳಿತಾಯ ಒಳ್ಳೇದೇ. ಆದರೆ ಅದರೊಳಗಿರೋದು ಸರ್ಕ್ಯೂಟ್ ಬೋರ್ಡ್. ಅದು ಕೆಟ್ಟರೆ ಲೋಕಲ್ ಎಲೆಕ್ಟ್ರಿಷಿಯನ್ ಹೇಳೋದು ಒಂದೇ: ‘ಇದು ಕಂಪನಿಯವರೇ ನೋಡ್ಬೇಕು ಮೇಡಂ.’ ಬಿಡಿಭಾಗವೂ ಇಲ್ಲ, ಸರ್ಕ್ಯೂಟಿನ ನಕ್ಷೆಯೂ ಇಲ್ಲ. ರಿಪೇರಿ ಮಾಡುವ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಬಂದಿಲ್ಲ. ವರ್ಷಗಟ್ಟಲೆ ಕಲಿತ ಕೈಗೆ ಉಳಿಯೋದು ಫ್ಯಾನ್ ಇಳಿಸೋದು, ಏರಿಸೋದು ಮಾತ್ರ. ಅಂದರೆ ದುಡ್ಡು ತರುವ ಭಾಗ ಹೋಗಿ, ಅಪಾಯದ ಭಾಗ ಉಳಿಯುತ್ತೆ.

ಹಾಗಾದರೆ ಏನು ಮಾಡೋದು?

ಸರ್ಕಾರ ಮಾಡಬಹುದಾದ ಮೊದಲ ಕೆಲಸ, ಮನೆ ಮನೆ ಸುತ್ತಿ ರಿಪೇರಿ ಮಾಡುವವರಿಗೆ 90 ದಿನಗಳ ಪ್ರಮಾಣಪತ್ರದ ಬದಲು ಸ್ವಯಂ ಘೋಷಣೆ ಒಪ್ಪಿ, ವಾರ್ಡ್ ಮಟ್ಟದಲ್ಲಿ ಪರಿಶೀಲಿಸಿ ನೋಂದಣಿ ಮಾಡೋದು. ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ ಎಲ್ಲರಿಗೂ ಇದು ಬೇಕು. ಗಾಯಗೊಂಡ ದಿನಗಳಿಗೆ ವೇತನ ಸಿಗುವ ವಿಮೆ ಎರಡನೇದು. ಆ್ಯಪ್ ಬಳಸುವವರು ತಮ್ಮ ಬಿಲ್‌ನಲ್ಲಿ ಕಾರ್ಮಿಕರ ಕೈಗೆ ಎಷ್ಟು ಹೋಯ್ತು, ಕಲ್ಯಾಣ ಶುಲ್ಕ ಎಷ್ಟು ಅನ್ನೋದನ್ನು ತೋರಿಸಿ ಅಂತ ಕೇಳಬೇಕು.

ಅಲ್ಲಿವರೆಗೆ ಆ ಅರ್ಧ ಗಂಟೆಯ ಮಾಲೀಕರು ನಾವೇ. ಮೇನ್ ಆಫ್ ಮಾಡಿ, ಟೆಸ್ಟರ್ ಹಾಕಿ ನೋಡೋಕೆ ಬಿಡಿ. ಕುರ್ಚಿ ಕೊಡಬೇಡಿ, ಏಣಿ ಕೊಡಿ, ಒಬ್ಬರು ಹಿಡ್ಕೊಳ್ಳಿ. ಹಳೇ ಹುಕ್ ತುಕ್ಕು ಹಿಡಿದಿದೆ ಅಂದರೆ ‘ಇವತ್ತೊಂದಿನ ಹಾಕ್ಬಿಡಿ’ ಅನ್ನಬೇಡಿ. ರೇಟು ಮೊದಲೇ ಮಾತಾಡಿ, ಆಮೇಲೆ ಕಡಿಮೆ ಮಾಡ್ಬೇಡಿ. ‘ಅರ್ಧ ಗಂಟೆ ಕೆಲಸಕ್ಕೆ ಇಷ್ಟಾ?’ ಅನ್ನುವ ಮುನ್ನ ಬಂದು ಹೋಗುವ ಪೆಟ್ರೋಲು, ಟ್ರಾಫಿಕ್ಕು, ಕೆಲಸ ಸಿಗದ ಮಳೆಗಾಲವನ್ನೂ ಲೆಕ್ಕ ಹಾಕಿ.

ಇಷ್ಟು ಮಾಡಿದರೆ ವ್ಯವಸ್ಥೆ ಬದಲಾಗಲ್ಲ ಅನ್ನೋದು ನಿಜ. ಆದರೆ ಗಿಗ್ ಕಾರ್ಮಿಕರ ಹಕ್ಕಿನ ಬಗ್ಗೆ ಪೋಸ್ಟ್ ಹಾಕುವ ನಾವು, ನಮ್ಮದೇ ಮನೆಯ ಏಣಿ ಹತ್ತಿದವರ ಜೊತೆ ಐವತ್ತು ರೂಪಾಯಿಗೆ ಜಗಳ ಆಡ್ತಿದ್ದರೆ ಆ ಪೋಸ್ಟಿಗೆ ಅರ್ಥ ಏನು?