ಮತ್ತೆ ಅದೇ ಬೆಟ್ಟವೇ?

ರಜೆಗೆ ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವೆಂದರೆ ಮಕ್ಕಳದು ಒಂದೇ ತಕರಾರು: ‘ಹೋದ ವರ್ಷವೂ ಅಲ್ಲಿಗೇ ಹೋಗಿದ್ದೆವಲ್ಲಪ್ಪ!’

ಆದರೆ ಬೆಟ್ಟ ಹಾಗೆಯೇ ಇರುವುದಿಲ್ಲ. ಮಾರ್ಚಿನಲ್ಲಿ ಒಣಗಿ ನಿಂತ ಹುಲ್ಲು ಆಗಸ್ಟಿನಲ್ಲಿ ಹಸಿರು. ದಾರಿಯ ಹೊಲಗಳಲ್ಲಿ ಚೆಂಡುಹೂ, ಸೂರ್ಯಕಾಂತಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಿತು. ಕಳೆದುಹೋದದ್ದು ಏನೆಂದು ತಿಳಿದದ್ದು ಮೊದಲೇ ನೋಡಿದ್ದವರಿಗೆ. ಮಳೆ ಬಿದ್ದ ಮೇಲೆ ಚಿಗುರಿನ ಬೆಲೆ ತಿಳಿದದ್ದೂ ಅವರಿಗೇ. ಒಮ್ಮೆ ಮಾತ್ರ ಹೋದವರು ಹುಲಿ ಕಾಣಲಿಲ್ಲವೆಂದು ಬೇಸರಪಟ್ಟು ಹಿಂತಿರುಗುತ್ತಾರೆ.

ಪಾಲಕರೇ, ಈ ಸಲ ಮಕ್ಕಳ ಕೈಗೊಂದು ನೋಟ್‌ಬುಕ್ ಕೊಡಿ. ಕಂಡ ಮರ, ಹಕ್ಕಿ, ಹೂವನ್ನು ತಾರೀಖಿನೊಂದಿಗೆ ಬರೆಯಲಿ. ಮುಂದಿನ ವರ್ಷ ಅದನ್ನೇ ಹಿಡಿದು ಬೆಟ್ಟ ಹತ್ತಲಿ. ಆಗ ತಕರಾರು ಹೋಗಿ ಪ್ರಶ್ನೆಗಳು ಹುಟ್ಟುತ್ತವೆ.