ಅಂಚೆಯಲ್ಲಿ ಬರುವ ಡಿಗ್ರಿ, ವಾರ್ಡಿನಲ್ಲಿ ದುಡಿಯುವ ಕೈ



ಬಸ್‌ಸ್ಟ್ಯಾಂಡಿನ ಕಂಬದ ಮೇಲೆ, ಹಾಸ್ಟೆಲ್ ಕಾಂಪೌಂಡಿನ ಮೇಲೆ, ಈಗ ಮೊಬೈಲಿನ ಒಳಗೂ ಒಂದೇ ಆಸೆ ಅಂಟಿಸಿದ್ದಾರೆ. ಮನೆಯಲ್ಲೇ ಕೂತು ನರ್ಸಿಂಗ್ ಮಾಡಬಹುದಂತೆ. ಹಾಜರಾತಿ ಬೇಡವಂತೆ. ಕೆಲಸ ಗ್ಯಾರಂಟಿಯಂತೆ. ಪಿಯುಸಿ ಮುಗಿಸಿ ಮುಂದೇನು ಅಂತ ಕೂತಿರುವ ನಮ್ಮ ಕೇರಿಯ ಹುಡುಗಿ ಇದನ್ನ ಓದ್ತಾಳೆ. ಅಪ್ಪ ಕುರಿ ಮಾರ್ತಾನೆ. ಅವ್ವ ಸಂಘದಲ್ಲಿ ಸಾಲ ಎತ್ತುತ್ತಾಳೆ. ಎರಡು ವರ್ಷ ಕಳೆದ ಮೇಲೆ ಚಿನ್ನದ ಬಣ್ಣದ ಮೊಹರಿರುವ ಒಂದು ಕಾಗದ ಬರುತ್ತೆ. ಆ ಕಾಗದವನ್ನ ಯಾವ ಆಸ್ಪತ್ರೆಯೂ ಓದೋದಿಲ್ಲ.

ಇದು ಬರೀ ಮೋಸ ಅಲ್ಲ. ಮೊದಲ ತಲೆಮಾರಿನ ಅಕ್ಷರದ ಮೇಲೆ ನಡೆಯುತ್ತಿರುವ ದರೋಡೆ. ಆದ್ದರಿಂದ ವಿಷಯ ಬಿಡಿಸಿ ಹೇಳಬೇಕಾಗಿದೆ.

ಈ ದೇಶದಲ್ಲಿ ನರ್ಸಿಂಗ್ ಓದಿಗೆ ಕಟ್ಟುಪಾಡು ಹಾಕಿದ್ದು 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆ. ಓದಿ ಪಾಸಾದವರು ರಾಜ್ಯದ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ಇಲ್ಲದಿದ್ದರೆ ನೀವು ನರ್ಸ್ ಅಲ್ಲ. ನೋಂದಣಿಗೆ ಇರುವ ಬಾಗಿಲು ಮೂರೇ: 2 ವರ್ಷದ ಎಎನ್‌ಎಂ, 3 ವರ್ಷದ ಜಿಎನ್‌ಎಂ, 4 ವರ್ಷದ ಬಿ.ಎಸ್ಸಿ. ನರ್ಸಿಂಗ್. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಎಎನ್‌ಎಂ, ಜಿಎನ್‌ಎಂಗೆ ಆರ್ಟ್ಸ್ ಓದಿದವರೂ ಹೋಗಬಹುದು. ಈ ಮೂರರಲ್ಲಿ ಒಂದೂ ದೂರಶಿಕ್ಷಣದಲ್ಲಿ ಇಲ್ಲ. ಯುಜಿಸಿಯ 2020ರ ನಿಯಮಾವಳಿ ಕೂಡ ದೂರಶಿಕ್ಷಣದಲ್ಲಿ ಕೊಡಬಾರದ ಓದುಗಳ ಸಾಲಿಗೆ ನರ್ಸಿಂಗನ್ನು ಸೇರಿಸಿದೆ. ಕಾರಣ ದೊಡ್ಡದೇನಲ್ಲ. ನರ ಹುಡುಕಿ ಸೂಜಿ ಚುಚ್ಚೋದನ್ನ, ಹೆರಿಗೆಯಾದ ತಾಯಿಯ ರಕ್ತ ನಿಲ್ಲಿಸೋದನ್ನ ಅಂಚೆಯಲ್ಲಿ ಕಳಿಸೋಕಾಗಲ್ಲ. ಕೈ ಕಲಿಯಬೇಕಾದ್ದನ್ನ ಕೈಯೇ ಕಲಿಯಬೇಕು.

ಹಾಗಾದರೆ ದೂರಶಿಕ್ಷಣ ನಮಗೆ ಬೇಡವೇ? ಬೇಕು. ನಮಗೇ ಎಲ್ಲರಿಗಿಂತ ಹೆಚ್ಚು ಬೇಕು. ಹಗಲು ದುಡಿಯುವವರಿಗೆ ರಾತ್ರಿ ಶಾಲೆ ಬೇಕು ಅಂತ 1855ರಲ್ಲೇ ಜೋತಿಬಾ ಫುಲೆ ಕಂಡಿದ್ದರು. ಬಾಬಾಸಾಹೇಬರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ಕೆಲಸಕ್ಕೆ ಹೋಗುವವರೂ ಓದಲಿ ಅಂತ ಬೆಳಗಿನ ಜಾವದ ತರಗತಿ ಇಟ್ಟರು. ಮನೆ ನಡೆಸಬೇಕಾದವರಿಗೆ ಕೆಲಸ ಬಿಟ್ಟು ಓದುವ ಸುಖ ಇರೋದಿಲ್ಲ. ಅವರಿಗಾಗಿ ಕಾಲೇಜು ಜಾಗ ಬಿಟ್ಟು ಬರಬೇಕು.

ನರ್ಸಿಂಗಿನಲ್ಲಿ ಅಂಥ ದಾರಿ ಕಂಡದ್ದು ಇಗ್ನೋದಿಂದ. 1985ರಲ್ಲಿ ಹುಟ್ಟಿದ ಈ ಮುಕ್ತ ವಿಶ್ವವಿದ್ಯಾಲಯ, 1990ರ ದಶಕದಲ್ಲಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಶುರು ಮಾಡಿತು. ಅದು ಹೊಸಬರಿಗಲ್ಲ. ಜಿಎನ್‌ಎಂ ಆಗಿ, ನೋಂದಣಿ ಮಾಡಿಸಿ, ಪಿಯುಸಿಯ ಮೇಲೆ ಕನಿಷ್ಠ 2 ವರ್ಷ ದುಡಿದವರಿಗೆ. ಪ್ರವೇಶ ಪರೀಕ್ಷೆ ಉಂಟು. ಕನಿಷ್ಠ 3 ವರ್ಷದ ಓದು. ಪಾಠ ಅಂಚೆಯಲ್ಲಿ ಬಂದರೂ ಪ್ರಾಕ್ಟಿಕಲ್‌ಗೆ ಆಸ್ಪತ್ರೆ ಇರುವ ಕೇಂದ್ರಕ್ಕೆ ಹೋಗಲೇಬೇಕು. ಆಮೇಲೆ 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದು ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬೇಕಾದಾಗ, ನರ್ಸ್‌ಗಳಿಗೆ 6 ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೋರ್ಸನ್ನೂ ಇಗ್ನೋ ನಡೆಸಿತು. ಇಂಥವು ವಿನಾಯಿತಿಯ ದಾರಿಗಳು. ಆ ವರ್ಷದ ಪ್ರಕಟಣೆ ಕಣ್ಣಾರೆ ನೋಡದೆ ಯಾರೂ ಹಣ ಕಟ್ಟಬೇಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಓದಿದವರು ಸರ್ಟಿಫಿಕೇಟ್ ಹಿಡಿದು ಕಚೇರಿ ಕಚೇರಿ ಅಲೆದದ್ದು ನಮಗೆ ಮರೆತಿಲ್ಲ. ಜಗಳ ಮೇಲಿನವರದು, ವರ್ಷ ಹಾಳಾಗೋದು ನಮ್ಮದು.

ಇನ್ನೂ ಮೇಲಕ್ಕೆ ಏಣಿ ಇದೆ. 2 ವರ್ಷದ ಎಂ.ಎಸ್ಸಿ. ನರ್ಸಿಂಗ್ ಇದೆ. ತೀವ್ರ ನಿಗಾ ಘಟಕದಲ್ಲೇ ದುಡಿಯುತ್ತ ಕಲಿಯುವ 2 ವರ್ಷದ ನರ್ಸ್ ಪ್ರಾಕ್ಟಿಷನರ್ ಓದಿದೆ. ಪಿಎಚ್.ಡಿ. ಕೂಡ ಇದೆ, ಅದಕ್ಕೆ ನರ್ಸಿಂಗ್ ಕೌನ್ಸಿಲ್ ಕೈಜೋಡಿಸಿರುವುದು ನಮ್ಮ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೇ. ಪಾಠ ಹೇಳುವ ಕುರ್ಚಿ, ನರ್ಸಿಂಗ್ ಸೂಪರಿಂಟೆಂಡೆಂಟರ ಕುರ್ಚಿ, ಪ್ರಿನ್ಸಿಪಾಲರ ಕುರ್ಚಿ ಎಲ್ಲ ಈ ಏಣಿಯ ತುದಿಯಲ್ಲಿವೆ. ನಮ್ಮವರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ?

ಒಮ್ಮೆ ಯಾವುದಾದರೂ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿ. ಬೆಡ್‌ಪ್ಯಾನ್ ಹಿಡಿದವಳು ಯಾರು? ರಕ್ತದ ಬಟ್ಟೆ ಒಯ್ಯುವವಳು ಯಾರು? ಗುತ್ತಿಗೆದಾರನ ಪಟ್ಟಿಯಲ್ಲಿ ಸಂಬಳಕ್ಕೆ ಕಾಯುವ ಆಯಾ ಯಾರು? ಆರೈಕೆ ಅನ್ನೋದು ನಮ್ಮ ಕೈಗಳಿಗೆ ಹೊಸದಲ್ಲ. ಕೇರಿಯ ಮುದುಕಿ ಮೇಲಿನ ಬೀದಿಯ ಮಕ್ಕಳ ಹೊಕ್ಕುಳ ಬಳ್ಳಿ ಕೊಯ್ದಳು. ಕೊಯ್ದ ಕೈಯಿಂದ ನೀರು ಕುಡಿಯಲಿಲ್ಲ ಆ ಮನೆಯವರು. ಪಾವಗಡದ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ, ಅವರು ತೀರಿಹೋದ ವರ್ಷದಲ್ಲಿ. 1897ರ ಪ್ಲೇಗಿನಲ್ಲಿ ಪುಣೆಯ ಹತ್ತಿರ ಮಹಾರ್ ಕೇರಿಯ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದ ಸಾವಿತ್ರಿಬಾಯಿ, ಅದೇ ರೋಗ ತಗುಲಿ ಮಾರ್ಚ್ 10ರಂದು ಪ್ರಾಣ ಬಿಟ್ಟರು. ಕೂಲಿ ಇಲ್ಲದಿದ್ದಾಗ ಈ ಕೆಲಸ ನಮ್ಮದು. ಸಂಬಳ, ಸಮವಸ್ತ್ರ, ಬಡ್ತಿ ಬಂದ ಕೂಡಲೇ ಸರ್ಟಿಫಿಕೇಟ್ ತೋರಿಸು ಅಂತಾರೆ. ತೋರಿಸೋಣ. ಆದರೆ ಸುಳ್ಳು ಸರ್ಟಿಫಿಕೇಟಲ್ಲ.

ಆದ್ದರಿಂದ ಸರ್ಕಾರವನ್ನು ಕೇಳ್ತೀವಿ. ಗುತ್ತಿಗೆಯಲ್ಲಿ ದುಡಿಯುವ ನರ್ಸ್‌ಗಳಿಗೂ ಸಂಬಳ ಸಹಿತ ಓದಿನ ರಜೆ ಕೊಡಿ. ಕೆಲಸದಲ್ಲಿರುವವರ ಮುಂದಿನ ಓದಿಗೆ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಕಲಿಕಾ ಕೇಂದ್ರ ತೆರೆಯಿರಿ. ಕನ್ನಡದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಪುಸ್ತಕದ ಮುಂದೆ ಸೋಲದಂತೆ ಕನ್ನಡದಲ್ಲೂ ಪಾಠ ಕೊಡಿ. ಮಾನ್ಯತೆ ಇರುವ ಕಾಲೇಜುಗಳ ಪಟ್ಟಿಯನ್ನು ಪ್ರತಿ ವರ್ಷ ಪ್ರತಿ ಹಾಸ್ಟೆಲ್ಲಿನ ನೋಟೀಸ್ ಬೋರ್ಡಿಗೆ ಹಾಕಿ. ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಕಾಲೇಜುಗಳ ಮೇಲೆ ಕ್ರಮ ತಗೊಳ್ಳಿ. ಇದು ಭಿಕ್ಷೆ ಅಲ್ಲ. ತಲೆಮಾರುಗಳ ಬಾಕಿ ಕೂಲಿ.

ಸರ್ಕಾರ ಕೊಡುವ ತನಕ ಹಾಸ್ಟೆಲ್ಲಿನ ನಾವು ಸುಮ್ಮನೆ ಕೂರಬೇಕಿಲ್ಲ. ಯಾರಾದರೂ ನರ್ಸಿಂಗ್ ಸೀಟು ಅಂತ ಬಂದರೆ ಮೂರು ಪ್ರಶ್ನೆ ಕೇಳಿ. ಕೌನ್ಸಿಲ್ಲಿನ ಪಟ್ಟಿಯಲ್ಲಿ ಈ ವರ್ಷ ನಿಮ್ಮ ಹೆಸರಿದೆಯೇ? ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ? ಓದು ಮುಗಿದ ಮೇಲೆ ರಾಜ್ಯ ಕೌನ್ಸಿಲ್ ನೋಂದಣಿ ಕೊಡುತ್ತದೆಯೇ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ತಗೊಳ್ಳಿ. ಹಣ ಕಟ್ಟುವ ಮೊದಲು ಆ ಕಾಗದವನ್ನು ಹತ್ತು ಜನರ ನಡುವೆ ಓದಿ. ಇಂಗ್ಲಿಷ್ ಬಲ್ಲವನು ಬಾರದವನಿಗೆ ಓದಿ ಹೇಳಲಿ. ಈಗಾಗಲೇ ನರ್ಸ್ ಆಗಿರುವ ಅಕ್ಕಂದಿರನ್ನು ಒಂದು ಭಾನುವಾರ ಹಾಸ್ಟೆಲ್ಲಿಗೆ ಕರೆಸಿ, ಮಾತಾಡಿಸಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಬಾಬಾಸಾಹೇಬರು ಹೇಳಿದ ಮಾತು ಗೋಡೆಗೆ ಬರೆಯೋಕೆ ಮಾತ್ರ ಅಲ್ಲ. ಅಡ್ಮಿಷನ್ ಅರ್ಜಿ ತುಂಬುವಾಗಲೂ ಅದು ನೆನಪಿರಲಿ.

ಜೈ ಭೀಮ್.