ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಬಳಿ?



ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ದಾರಿಹೋಕನ ಕೈಗೆ ಕೊಟ್ಟು, "ಹಣ ನೀನೇ ಇಟ್ಟುಕೋ, ಲೆಕ್ಕ ನೀನೇ ಬರೆದುಕೋ, ಮನಸ್ಸು ಬಂದಾಗ ತಂದುಕೊಡು" ಎನ್ನುವ ವ್ಯಾಪಾರಿ ಯಾವ ಪೇಟೆಯಲ್ಲಿದ್ದಾನೆ? ಇದ್ದರೆ ಅವನನ್ನು ಊರೆಲ್ಲ ಹುಚ್ಚನೆನ್ನುವುದು. ಆದರೆ ವೆಬ್‌ಸೈಟು ತೆರೆದು ಸರಕು ಮಾರಲು ಹೊರಟ ನಮ್ಮ ಜನರಲ್ಲಿ ಅನೇಕರು ಇಂದು ಮಾಡುತ್ತಿರುವುದು ಇದೇ ಕೆಲಸವನ್ನು. ಹಣ ವಸೂಲಿಯ ಸೇವೆಯನ್ನು ಆರಿಸುವಾಗ ಅವರು ಜಾಹೀರಾತು ನೋಡುತ್ತಾರೆ. ಕರಾರು ಪತ್ರ ಓದುವುದಿಲ್ಲ.

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಬ್ಯಾಡಗಿಯ ಮೆಣಸಿನಕಾಯಿ, ಚನ್ನಪಟ್ಟಣದ ಬೊಂಬೆ ಇವೆಲ್ಲ ಈಗ ವೆಬ್‌ಸೈಟಿನ ಮೂಲಕವೂ ಮಾರಾಟವಾಗುತ್ತಿವೆ. ಗಿರಣಿಯ ಪಾಳಿಗೆ ಹೋಗುವವರ ಮನೆಗಳಲ್ಲೂ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಪೊಟ್ಟಣ ಕಟ್ಟಿ ಪರಊರಿಗೆ ಕಳಿಸುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಸರಕು ನಮ್ಮದು, ದುಡಿಮೆ ನಮ್ಮದು, ಗಿರಾಕಿಯೂ ನಮ್ಮವನೇ. ಆದರೆ ಗಿರಾಕಿ ಹಣ ಕೊಟ್ಟ ಗಳಿಗೆಗೂ ಅದು ನಮ್ಮ ಬ್ಯಾಂಕು ಖಾತೆಗೆ ಬಿದ್ದ ಗಳಿಗೆಗೂ ನಡುವೆ ಒಬ್ಬ ಮಧ್ಯಸ್ಥ ನಿಂತಿದ್ದಾನೆ. ಪ್ರಶ್ನೆ ಇರುವುದು ಅವನ ವಿಷಯದಲ್ಲಿ.

ಈ ಮಧ್ಯಸ್ಥನಿಗೆ ಪೇಮೆಂಟ್ ಅಗ್ರಿಗೇಟರ್ ಎಂದು ಹೆಸರು. ಬಹುಮಂದಿ ವ್ಯಾಪಾರಿಗಳ ಪರವಾಗಿ ಹಣ ಪಡೆದು, ತನ್ನ ಕಮಿಷನ್ ಮುರಿದುಕೊಂಡು, ಉಳಿದುದನ್ನು ಅವರವರ ಖಾತೆಗೆ ಹಂಚುವವನು ಇವನು. ಹಣವನ್ನು ಮುಟ್ಟದೆ ತಂತ್ರದ ದಾರಿಯನ್ನಷ್ಟೇ ಒದಗಿಸುವವನಿಗೆ ಪೇಮೆಂಟ್ ಗೇಟ್‌ವೇ ಎನ್ನುತ್ತಾರೆ. ಪೇಟೆಯ ಮಾತಿನಲ್ಲಿ ಇಬ್ಬರನ್ನೂ ಗೇಟ್‌ವೇ ಎಂದೇ ಕರೆಯುವುದು ರೂಢಿ. ಮಂಡಿಯಲ್ಲಿ ಅಡತಿಯವನಿಗೂ ಗಾಡಿ ಹೊಡೆಯುವವನಿಗೂ ಇರುವ ವ್ಯತ್ಯಾಸವನ್ನು ಬಲ್ಲ ನಮಗೆ ಈ ವ್ಯತ್ಯಾಸ ತಿಳಿಯದ್ದೇನಲ್ಲ. ಒಬ್ಬ ಮಾಲು ಸಾಗಿಸುತ್ತಾನೆ; ಇನ್ನೊಬ್ಬನ ಕೈಯಲ್ಲಿ ನಮ್ಮ ಹಣವಿರುತ್ತದೆ.

ಈ ಸೇವೆಗಳನ್ನು ಮಾರುವವರು ನಮ್ಮ ಮುಂದೆ ಮೂರು ಸುಳ್ಳುಗಳನ್ನು ಹರಡುತ್ತಾರೆ. ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯ ಸುಳ್ಳು: "ಬೀಗದ ಚಿತ್ರವಿದೆ, ಆದುದರಿಂದ ಭದ್ರ." ವೆಬ್‌ಸೈಟಿನ ವಿಳಾಸದ ಪಕ್ಕದಲ್ಲಿ ಕಾಣುತ್ತಿದ್ದ ಬೀಗದ ಅರ್ಥವಿಷ್ಟೇ: ನೀವು ಕಳಿಸಿದ ಲಕೋಟೆಯನ್ನು ದಾರಿಯಲ್ಲಿ ಯಾರೂ ಒಡೆದು ಓದಲಾರರು. ಲಕೋಟೆ ಸೇರುವುದು ಸಭ್ಯನ ಮನೆಗೋ ಕಳ್ಳನ ಮನೆಗೋ ಎಂಬುದನ್ನು ಅದು ಹೇಳುವುದಿಲ್ಲ. ಕಳ್ಳನೂ ತನ್ನ ಬಾಗಿಲಿಗೆ ಬೀಗ ಹಾಕಿಕೊಳ್ಳಬಲ್ಲ. ಜನ ಈ ಚಿತ್ರವನ್ನು ತಪ್ಪಾಗಿ ತಿಳಿಯುತ್ತಾರೆಂದು ಗೂಗಲ್ ಕಂಪನಿಯೇ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಅದನ್ನು ತೆಗೆದುಹಾಕಿತು. ಇನ್ನೂ ಅದನ್ನೇ ತೋರಿಸಿ ವ್ಯಾಪಾರಿಯನ್ನು ನಂಬಿಸುವವರಿಗೆ ಏನೆನ್ನಬೇಕು?

ನಿಜವಾದ ಭದ್ರತೆ ಬೇರೆ ಕಡೆ ಇದೆ. 2020ರ ಮಾರ್ಚ್ 17ರಂದು ರಿಸರ್ವ್ ಬ್ಯಾಂಕು ಈ ಮಧ್ಯಸ್ಥರಿಗೆ ನಿಯಮಗಳನ್ನು ವಿಧಿಸಿತು. ಬ್ಯಾಂಕಲ್ಲದ ಅಗ್ರಿಗೇಟರ್ ಕಂಪನಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆಯಲೇಬೇಕು. ಅರ್ಜಿ ಹಾಕುವಾಗ 15 ಕೋಟಿ ರೂಪಾಯಿ, ಅನುಮತಿ ಸಿಕ್ಕ ಮೂರನೆಯ ವರ್ಷದ ಕೊನೆಗೆ 25 ಕೋಟಿ ರೂಪಾಯಿ ನಿವ್ವಳ ಬಂಡವಾಳ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವ್ಯಾಪಾರಿಗಳ ಹಣವನ್ನು ತನ್ನ ಸ್ವಂತ ಹಣದೊಡನೆ ಬೆರೆಸದೆ, ಬ್ಯಾಂಕಿನಲ್ಲಿ ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿಡಬೇಕು. ಆ ಹಣದಿಂದ ಕಂಪನಿ ತನ್ನ ಕಚೇರಿಯ ಬಾಡಿಗೆ ಕೊಡುವಂತಿಲ್ಲ, ಸಾಲ ತೀರಿಸುವಂತಿಲ್ಲ. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿಯೇ ಇದೆ. ಹತ್ತನೆಯ ತರಗತಿಯ ಹುಡುಗನೂ ಓದಿ ಹೇಳಬಲ್ಲ. ಆ ಪಟ್ಟಿಯಲ್ಲಿ ಇಲ್ಲದವನು, ಅಥವಾ ಗಿರಾಕಿಯ ಹಣವನ್ನು "ಸದ್ಯಕ್ಕೆ ನಮ್ಮ ಖಾತೆಗೆ ಹಾಕಿಸಿ" ಎನ್ನುವವನು ಎಷ್ಟೇ ಸವಿಮಾತಾಡಲಿ, ಬಾಗಿಲಿನಿಂದಲೇ ಕಳಿಸಿಬಿಡಿ.

ಕಾರ್ಡಿನ ವಿಷಯದಲ್ಲೂ ಒಂದು ಮಾತು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಯಾಗಲಿ ಅಗ್ರಿಗೇಟರ್ ಆಗಲಿ ಗಿರಾಕಿಯ ಕಾರ್ಡು ನಂಬರನ್ನು ತಮ್ಮಲ್ಲಿ ಕೂಡಿಡುವಂತಿಲ್ಲ. ಮುಂದಿನ ಖರೀದಿಗೆ ಬೇಕೆಂದರೆ ಕಾರ್ಡಿನ ಬದಲು ಟೋಕನ್ ಎಂಬ ಗುರುತುಸಂಖ್ಯೆಯನ್ನು ಇಡತಕ್ಕದ್ದು. ಅದು ಕಳುವಾದರೂ ಬೇರೊಂದು ಅಂಗಡಿಯಲ್ಲಿ ನಡೆಯದು. ಆದುದರಿಂದ ಹಣ ಕೊಡುವ ಹಂತ ಬಂದಾಗ ಗಿರಾಕಿಯನ್ನು ಸೇವೆಯವರ ಸ್ವಂತ ಪುಟಕ್ಕೆ ಕರೆದೊಯ್ಯುವ ಏರ್ಪಾಡನ್ನೇ ಆರಿಸಿ. ಕಾರ್ಡು ನಂಬರನ್ನು ಫೋನಿನಲ್ಲಿ, ವಾಟ್ಸಾಪಿನಲ್ಲಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವ ವ್ಯಾಪಾರಿ ತನ್ನ ಅಂಗಡಿಯಲ್ಲಿ ಪರರ ಒಡವೆ ಇಟ್ಟುಕೊಂಡು ಬಾಗಿಲು ತೆರೆದು ಮಲಗಿದಂತೆ. ಕಳುವಾದ ದಿನ ಉತ್ತರ ಕೊಡಬೇಕಾದವನು ಅವನೇ.

ಎರಡನೆಯ ಸುಳ್ಳು: "ಹೆಸರು ದೊಡ್ಡದು, ಆದುದರಿಂದ ಭದ್ರ." ಹೆಸರಿನ ದೊಡ್ಡತನ ಎಷ್ಟರ ಮಟ್ಟಿಗೆ ಕಾಯುತ್ತದೆಂಬುದನ್ನು 2024ರಲ್ಲಿ ದೇಶವೇ ಕಂಡಿತು. ಆ ವರ್ಷದ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ, ಗ್ರಾಹಕರ ಖಾತೆಗಳಿಗೆ ಹೊಸದಾಗಿ ಹಣ ಪಡೆಯುವುದನ್ನು ಫೆಬ್ರವರಿ 29ರ ನಂತರ ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಬಳಿಕ ಗಡುವನ್ನು ಮಾರ್ಚ್ 15ಕ್ಕೆ ಮುಂದೂಡಿತು. ತಳ್ಳುಗಾಡಿಯಿಂದ ದೊಡ್ಡ ಮಳಿಗೆಯವರೆಗೆ ಎಲ್ಲೆಲ್ಲೂ ಕಾಣುತ್ತಿದ್ದ ಹೆಸರು ಅದು. ಅದೇ ಬ್ಯಾಂಕಿನ ಖಾತೆಗೆ ವಸೂಲಿ ಬರುವಂತೆ ಮಾಡಿಕೊಂಡಿದ್ದ ವ್ಯಾಪಾರಿಗಳು ಕೆಲವೇ ವಾರಗಳಲ್ಲಿ ಬೇರೆ ಬ್ಯಾಂಕಿನ ಖಾತೆ ಹುಡುಕಬೇಕಾಯಿತು. ಒಂದೇ ಎತ್ತಿನ ಮೇಲೆ ಇಡೀ ಬೇಸಾಯ ನಂಬಿಕೊಂಡವನ ಪಾಡು ಇದು. ವಸೂಲಿಗೆ ಎರಡು ದಾರಿಗಳಿರಲಿ. ಬಂದ ಹಣ ನಿಮ್ಮ ಹೆಸರಿನಲ್ಲಿ ಬೇರೊಂದು ಬ್ಯಾಂಕಿನಲ್ಲಿರುವ ಚಾಲ್ತಿ ಖಾತೆಗೆ ಸೇರುತ್ತಿರಲಿ.

ಮೂರನೆಯ ಸುಳ್ಳು: "ಸೇವೆ ಉಚಿತ." ಇದು ಮೂರರಲ್ಲಿ ಹೆಚ್ಚು ಮೋಸದ್ದು. ಏಕೆಂದರೆ ಇದರಲ್ಲಿ ಅರ್ಧ ನಿಜವಿದೆ.

2020ರ ಜನವರಿ 1ರಿಂದ ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡಿನ ವಹಿವಾಟಿಗೆ ವ್ಯಾಪಾರಿಯಿಂದ ಎಂಡಿಆರ್ ಎಂಬ ಶುಲ್ಕ ಪಡೆಯಬಾರದೆಂಬ ಕಾನೂನಿದೆ. ಬೇರೆ ಡೆಬಿಟ್ ಕಾರ್ಡುಗಳಿಗೂ ಮಿತಿಯಿದೆ: ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ವಹಿವಾಟುಳ್ಳ ಸಣ್ಣ ವ್ಯಾಪಾರಿಗೆ ಈ ಶುಲ್ಕ ಆನ್‌ಲೈನಿನಲ್ಲಿ ಶೇಕಡಾ 0.40ನ್ನು ಮೀರಬಾರದು, ಒಂದು ವಹಿವಾಟಿಗೆ 200 ರೂಪಾಯಿ ದಾಟಬಾರದು. ಇದು 2018ರ ಜನವರಿ 1ರಿಂದ ಜಾರಿಗೆ ಬಂದ ನಿಯಮ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ. ಈ ಭೇದಗಳನ್ನೆಲ್ಲ ಮುಚ್ಚಿ "ಎಲ್ಲದಕ್ಕೂ ಶೇಕಡಾ 2, ಲೆಕ್ಕ ಸುಲಭ" ಎನ್ನುವವನು ಬಂದರೆ, ಸುಲಭ ಯಾರಿಗೆ ಎಂದು ಕೇಳಿ. ಉಚಿತವೆಂದವನು "ವೇದಿಕೆ ಶುಲ್ಕ", "ನಿರ್ವಹಣಾ ಶುಲ್ಕ" ಎಂಬ ಬೇರೆ ಹೆಸರಿನಲ್ಲಿ ಕೈ ಚಾಚಿದರೆ, ಯಾವ ಕೆಲಸಕ್ಕೆ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ.

ಶೇಕಡಾ 2 ಎಂದರೆ ಅಲ್ಪವೆಂದು ತೋರುತ್ತದೆ. ಹಲಗೆಯ ಮೇಲೆ ಲೆಕ್ಕ ಹಾಕಿ ನೋಡೋಣ. 5,000 ರೂಪಾಯಿಯ ಸೀರೆಯೊಂದು ಕ್ರೆಡಿಟ್ ಕಾರ್ಡಿನ ಮೇಲೆ ಮಾರಾಟವಾಯಿತೆನ್ನಿ. ಶೇಕಡಾ 2ರ ಕಮಿಷನ್ 100 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 18 ರೂಪಾಯಿ, ಒಟ್ಟು 118. ಸೀರೆಯ ಮೇಲೆ ವ್ಯಾಪಾರಿಗೆ ನೂರಕ್ಕೆ ಹತ್ತರಂತೆ 500 ರೂಪಾಯಿ ಲಾಭವಿದ್ದರೆ, ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಯಿತು. ಮಾರಾಟದ ಮೇಲೆ ಎರಡು ಪಾಲು, ಲಾಭದ ಮೇಲೆ ಸುಮಾರು ಇಪ್ಪತ್ತನಾಲ್ಕು ಪಾಲು! ಜಾಹೀರಾತಿನಲ್ಲಿ ಮೊದಲನೆಯ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ; ಎರಡನೆಯದನ್ನು ನಾವೇ ಲೆಕ್ಕ ಮಾಡಿಕೊಳ್ಳಬೇಕು.

ಇನ್ನು ದಿನಗಳ ಲೆಕ್ಕ. ದಿನಕ್ಕೆ 5,000 ರೂಪಾಯಿ ಮಾರುವವನಿಗೆ ಏಳು ದಿನ ತಡವಾಗಿ ಹಣ ಬಂದರೆ, ಅವನ 35,000 ರೂಪಾಯಿ ಸದಾಕಾಲ ಪರರ ಬಳಿ ಇದ್ದಂತೆ. ಅಷ್ಟರಲ್ಲಿ ಅವನು ನೂಲಿಗೆ, ಜೋಳಕ್ಕೆ, ಎಣ್ಣೆಗೆ ಉದ್ರಿ ತಂದು ಬಡ್ಡಿ ಕಟ್ಟುತ್ತಾನೆ. ಅತ್ತ ಎಸ್ಕ್ರೋ ಖಾತೆಯಲ್ಲಿ ಸದಾ ಉಳಿಯುವ ಮೊತ್ತದ ಒಂದು ಭಾಗಕ್ಕೆ ಬ್ಯಾಂಕಿನಿಂದ ಬಡ್ಡಿ ಪಡೆಯಲು ಅಗ್ರಿಗೇಟರನಿಗೆ 2020ರ ನಿಯಮವೇ ಅವಕಾಶ ಕೊಟ್ಟಿತು. ನಮ್ಮದೇ ಹಣ, ಬಡ್ಡಿ ಕಟ್ಟುವವರು ನಾವು, ಬಡ್ಡಿ ಎಣಿಸುವವನು ಅವನು! ಆದುದರಿಂದ ಎಷ್ಟು ದಿನಕ್ಕೆ ಹಣ ಕೈಸೇರುತ್ತದೆ, ಯಾವ ಕಾರಣಕ್ಕೆ ತಡೆಹಿಡಿಯಬಹುದು, ತಡೆಹಿಡಿದರೆ ಎಷ್ಟು ದಿನದೊಳಗೆ ಕಾರಣ ತಿಳಿಸಬೇಕು ಎಂಬ ಮೂರು ಸಂಗತಿಗಳನ್ನು ಕರಾರಿನಲ್ಲಿ ಹುಡುಕಿ. ಗಿರಾಕಿ ತನ್ನ ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂದಕ್ಕೆ ಪಡೆಯುವ ಚಾರ್ಜ್‌ಬ್ಯಾಕ್ ಎಂಬ ಕ್ರಮವೊಂದಿದೆ. ಅದಕ್ಕೆ ಉತ್ತರ ಕೊಡಲು ನಿಮಗೆ ಎಷ್ಟು ದಿನ ಎಂಬುದನ್ನೂ ನೋಡಿ. ಅಂಚೆಯ ರಸೀದಿ, ಬಿಲ್ಲಿನ ಪ್ರತಿ ಕೈಯಲ್ಲಿಲ್ಲದವನು ಆ ವ್ಯಾಜ್ಯದಲ್ಲಿ ಸೋತಂತೆಯೇ.

ಸೇವೆ ಸರಿಯಾದುದಾದರೂ ಮನೆಯೊಳಗಿನ ಅಜಾಗರೂಕತೆ ಅದನ್ನು ಕೆಡಿಸಬಹುದು. ವೆಬ್‌ಸೈಟು ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಿ, ಅವನ ಫೋನ್ ನಂಬರಿನಲ್ಲಿ ಖಾತೆ ತೆರೆಯಗೊಡಬೇಡಿ. ಸೇವೆಯವರು ಕೊಡುವ ರಹಸ್ಯ ಸಂಕೇತವೇ ಗಲ್ಲಾಪೆಟ್ಟಿಗೆಯ ಬೀಗದ ಕೈ. ಕೆಲಸ ಮುಗಿಸಿ ಅವನು ಹೋದ ದಿನವೇ ಅದನ್ನು ಬದಲಾಯಿಸಿ. ಗಿರಾಕಿ ಕಳಿಸಿದ "ಹಣ ಹೋಯಿತು" ಎಂಬ ಚಿತ್ರವನ್ನು ನೋಡಿ ಸರಕು ಕಳಿಸಬೇಡಿ. ಅಂಥ ಚಿತ್ರವನ್ನು ಯಾರೂ ತಯಾರಿಸಬಲ್ಲರು. ಸೇವೆಯವರ ಕಡೆಯಿಂದ ನೇರವಾಗಿ ನಿಮ್ಮ ಲೆಕ್ಕಕ್ಕೆ ಸಂದೇಶ ಬಂದ ಮೇಲೆಯೇ ಪೊಟ್ಟಣ ಹೊರಡಲಿ. ಹಣ ಪಡೆಯುವುದಕ್ಕೆ ಓಟಿಪಿಯಾಗಲಿ ಯುಪಿಐ ಪಿನ್ ಆಗಲಿ ಎಂದೂ ಬೇಕಿಲ್ಲ; ಕೇಳಿದವನು ಕಳ್ಳ. ಮೋಸ ಹೋದರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ 1930 ನಂಬರಿಗೆ ಫೋನ್ ಮಾಡಿ. ಹಣ ಕೈಯಿಂದ ಕೈಗೆ ದಾಟಿಹೋಗುವ ಮುನ್ನ ತಡೆಯುವ ಅವಕಾಶ ಮೊದಲ ಗಂಟೆಗಳಲ್ಲಿಯೇ ಹೆಚ್ಚು.

ಇಷ್ಟೆಲ್ಲ ಕೇಳಿ ಕೆಲವರು ಹೇಳುವರು: "ಈ ಗೊಡವೆಯೇ ಬೇಡ, ರೋಕಡಿಯೇ ಸಾಕು." 2025ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಇದೇ ಮಾತು ಎದ್ದಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕವನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ, ಎಷ್ಟೋ ಅಂಗಡಿಗಳವರು ಕ್ಯೂಆರ್ ಹಲಗೆ ಕಿತ್ತು ರೋಕಡಿ ಮಾತ್ರ ಎಂದು ಬರೆದರು. ಅವರ ಕೋಪ ನ್ಯಾಯವಾದುದೇ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನು ಮಾರಿದವನ ಜಮಾ ಮೊತ್ತವನ್ನೆಲ್ಲ ಕೂಡಿ ಹೆದರಿಸುವುದು ಆಡಳಿತವಲ್ಲ. ಆದರೆ ಹಲಗೆ ಕಿತ್ತುದರಿಂದ ಆದ ಲಾಭವೇನು? ಬೆಂಗಳೂರಿನ ಗಿರಾಕಿ ರೊಟ್ಟಿಗೆ ರೋಕಡಿ ಹಿಡಿದು ನಮ್ಮೂರಿಗೆ ಬರುವನೇ? ವೆಬ್‌ಸೈಟಿನ ವ್ಯಾಪಾರಿಗೆ ಓಡಿಹೋಗುವ ದಾರಿಯಿಲ್ಲ. ಲೆಕ್ಕ ಬರೆದಿಡುವುದೇ ಅವನ ಗುರಾಣಿ. ಅಂಗಡಿಯ ಹಣಕ್ಕೆ ಒಂದು ಖಾತೆ, ಮನೆಯ ಹಣಕ್ಕೆ ಇನ್ನೊಂದು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಜಿಎಸ್‌ಟಿ ಮಿತಿಯನ್ನು ಎಲ್ಲರೂ ಬಲ್ಲರು. ಆದರೆ ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಕಳಿಸುವವನಿಗೆ ಈ 40 ಲಕ್ಷದ ರಕ್ಷಣೆ ಇಲ್ಲ, ಮೊದಲೇ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿಯುಂಟು. ವೆಬ್‌ಸೈಟು ಕಟ್ಟಿಕೊಡುವವನು ಈ ಮಾತನ್ನು ಹೇಳುವುದಿಲ್ಲ. ನೋಟೀಸು ಬಂದ ಮೇಲೆ ತಿಳಿದು ಪ್ರಯೋಜನವಿಲ್ಲ.

ಕೊನೆಯದಾಗಿ ನಮ್ಮ ಬೇಡಿಕೆಗಳು. ಯುಪಿಐಯ ಹೆದ್ದಾರಿಯನ್ನು ಕಟ್ಟಿದ್ದು 2008ರಲ್ಲಿ ರಿಸರ್ವ್ ಬ್ಯಾಂಕು ಮತ್ತು ಬ್ಯಾಂಕುಗಳ ಸಂಘದ ಮುಂದಾಳತ್ವದಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. 2024-25ರಲ್ಲಿ ಸಣ್ಣ ವ್ಯಾಪಾರಿಗಳ 2,000 ರೂಪಾಯಿಯೊಳಗಿನ ಯುಪಿಐ ವಹಿವಾಟಿಗೆ ಪ್ರೋತ್ಸಾಹಧನವೆಂದು ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು. ಅದು ಜನರ ತೆರಿಗೆಯ ಹಣ. ಗಿರಣಿ ಕಾರ್ಮಿಕ ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ಕಾಸೂ ಅದರಲ್ಲಿದೆ. ಜನರ ಹಣದ ರಸ್ತೆಯ ಮೇಲೆ ನಡೆಯುವ ಮಧ್ಯಸ್ಥ ಜನರಿಗೆ ಲೆಕ್ಕ ಒಪ್ಪಿಸಲೇಬೇಕು. ಕರಾರು ಪತ್ರ ಕನ್ನಡದಲ್ಲಿರಲಿ. ಯಾವ ಬಗೆಯ ಪಾವತಿಗೆ ಎಷ್ಟು ಶುಲ್ಕವೆಂಬ ದರಪಟ್ಟಿ ಒಂದೇ ಹಾಳೆಯಲ್ಲಿರಲಿ. ಕಾರಣ ಹೇಳದೆ ಹಣ ತಡೆಹಿಡಿದರೆ ಆ ದಿನಗಳ ಬಡ್ಡಿಯನ್ನು ವ್ಯಾಪಾರಿಗೆ ಕೊಡಲಿ. ದೂರು ಕೇಳುವ ಅಧಿಕಾರಿಯನ್ನು ನೇಮಿಸಬೇಕೆಂದು ನಿಯಮವಿದೆ. ಆ ಅಧಿಕಾರಿ ಫೋನ್ ಎತ್ತಿ ಕನ್ನಡದಲ್ಲಿ ಉತ್ತರ ಕೊಡಲಿ.

ಒಬ್ಬೊಬ್ಬರಾಗಿ ಕೇಳಿದರೆ ಈ ಕಂಪನಿಗಳು ಕಿವಿಗೊಡವು. ಪೇಟೆಯ ಐವತ್ತು ಮಂದಿ ಒಂದೇ ಸೇವೆಯೊಡನೆ ಒಟ್ಟಾಗಿ ಮಾತಾಡಿದರೆ ದರವೂ ಇಳಿದೀತು, ಮರ್ಯಾದೆಯೂ ಸಿಕ್ಕೀತು. ಮಂಡಿಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ನಮ್ಮ ರೈತ ವಿರೋಧಿಸಿದ; ದರ ಎಲ್ಲರಿಗೂ ಕಾಣಲಿ ಎಂದ. ಇಲ್ಲಿಯೂ ಆ ಬಟ್ಟೆಯನ್ನು ಸರಿಸಬೇಕಾಗಿದೆ. ಈ ವಾರವೇ ನಿಮ್ಮ ನಿಮ್ಮ ಕರಾರು ಪತ್ರಗಳನ್ನು ಹುಡುಕಿ ತೆಗೆಯಿರಿ. ಇಂಗ್ಲಿಷು ಬಲ್ಲ ಮಕ್ಕಳಿಂದ ಓದಿಸಿ, ಅರ್ಥ ಬರೆಯಿಸಿ, ವ್ಯಾಪಾರಿ ಸಂಘದ ಸಭೆಗೆ ತನ್ನಿ. ಸಾಲು ಸಾಲಾಗಿ ಓದಿ, ಒಬ್ಬರ ದರವನ್ನು ಇನ್ನೊಬ್ಬರ ದರದೊಡನೆ ಹೋಲಿಸೋಣ. ದುಡಿದು ಗಳಿಸಿದ ಹಣದ ಬೀಗದ ಕೈ ದುಡಿದವನ ಸೊಂಟದಲ್ಲಿಯೇ ಇರಬೇಕು.